ಸಹಾಯ ಬೇಕು: ಬಿಪಿ ಮಾತ್ರೆ ಶುರುವಾದ ಮೇಲೆ ಕೂದಲು ಉದುರ್ತಿದೆ

ನಮ್ಮಣ್ಣನಿಗೆ 38 ವರ್ಷ. ಐದು ತಿಂಗಳ ಹಿಂದೆ ಬಿಪಿ 150/96 ಇತ್ತು, ಬೇರೆ ಬೇರೆ ದಿನ ನೋಡಿದ್ರೂ ಇಳಿದಿರ್ಲಿಲ್ಲ. ಡಾಕ್ಟರ್ ಮೆಟೊಪ್ರೊಲಾಲ್ (ಬೀಟಾ ಬ್ಲಾಕರ್ ಅನ್ನೋ ಗುಂಪಿನ ಬಿಪಿ ಮಾತ್ರೆ) ಕೊಟ್ರು. ಉಪ್ಪು ಕಡಿಮೆ ಮಾಡಿದ, ಸಿಗರೇಟು ಬಿಟ್ಟ, ಈಗ 128/82. ಅಷ್ಟು ಸಮಾಧಾನ.

ಆದ್ರೆ ಎರಡು ತಿಂಗಳಿಂದ ಬಾಚಣಿಗೆ ತುಂಬಾ ಕೂದಲು. ಹಣೆಯ ಎರಡು ಮೂಲೆ ಮೊದಲೇ ಹಿಂದೆ ಸರಿದಿತ್ತು, ಅಪ್ಪನಿಗೂ ಹಾಗೇ. ಈಗ ಇಡೀ ತಲೆ ತೆಳುವಾಗ್ತಿದೆ. ಥೈರಾಯ್ಡ್, ಕಬ್ಬಿಣಾಂಶ ಎರಡೂ ಟೆಸ್ಟ್ ಸರಿಯಾಗಿವೆ. ಬೀಟಾ ಬ್ಲಾಕರ್‌ನಿಂದಲೂ ಕೆಲವರಿಗೆ ಕೂದಲು ಉದುರುತ್ತೆ ಅಂತ ಓದಿದೆ. ಅದನ್ನ ಕೇಳಿ ಇವನು ಮಾತ್ರೆನೇ ನಿಲ್ಲಿಸ್ತೀನಿ ಅಂತಿದ್ದಾನೆ. ಥಟ್ಟನೆ ಬಿಟ್ರೆ ಹೃದಯಕ್ಕೇ ಅಪಾಯ, ನನಗೆ ಅದೇ ಭಯ.

ಇದು ವಂಶದಿಂದ ಬಂದದ್ದೋ, ಮಾತ್ರೆಯಿಂದಲೋ ಅಂತ ಹೇಗೆ ಗೊತ್ತಾಗುತ್ತೆ? ಡಾಕ್ಟರ್ ಹೇಳಿ ಮಾತ್ರೆ ಬದಲಿಸಿದವರಿದ್ರೆ, ಕೂದಲು ವಾಪಸ್ ಬಂತಾ, ಎಷ್ಟು ತಿಂಗಳಾಯ್ತು? ದಯವಿಟ್ಟು ತಿಳಿಸಿ.