ಸಹಾಯ ಬೇಕು: ಉಜ್ಜಿದರೆ ಗುಳ್ಳೆ ಏಳುವ ಚರ್ಮದ ಕಾಯಿಲೆ (ಮಂಡ್ಯ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ನಮ್ಮ ಅಕ್ಕನ ಮಗಳಿಗೆ ಎಪಿಡರ್ಮೊಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಇದೆ ಎಂದು ಚರ್ಮದ ಡಾಕ್ಟರು ಹೇಳಿದ್ದಾರೆ. ಸ್ವಲ್ಪ ನಡೆದರೂ ಸಾಕು, ಅಂಗಾಲಲ್ಲಿ ನೀರುಗುಳ್ಳೆ ಏಳುತ್ತವೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಈ ಕಾಯಿಲೆಯ ಮೂಲ ಇರುವುದು ಕೆರಾಟಿನ್ ಎಂಬ ಪ್ರೋಟೀನ್‌ನಲ್ಲಿ. ಕೆರಾಟಿನ್ ಅಂದರೆ ಕೂದಲು, ಉಗುರು ಅಂತ ಮಾತ್ರ ನಮಗೆ ಗೊತ್ತಿತ್ತು. ಆದರೆ ಚರ್ಮದ ಮೇಲ್ಪದರದ ತಳದಲ್ಲಿರುವ ಜೀವಕೋಶಗಳ ಒಳಗೂ ಅದು ಇದೆ. ಅಲ್ಲಿ ಕೆರಾಟಿನ್ 5 ಮತ್ತು 14 ಎಂಬ ಎರಡು ಬಗೆಗಳು ಜೋಡಿಯಾಗಿ ಹೆಣೆದುಕೊಂಡು ಎಳೆಗಳಾಗುತ್ತವೆ. ಗುಡಿಸಲಿಗೆ ಗಳ ಇದ್ದ ಹಾಗೆ, ಆ ಎಳೆಗಳೇ ಕೋಶಕ್ಕೆ ಆಸರೆ. ಎರಡರಲ್ಲಿ ಒಂದರ ಜೀನ್‌ನಲ್ಲಿ ದೋಷ ಬಂದರೂ ಎಳೆಗಳ ಬಲ ಹೋಗುತ್ತದೆ. ಆಮೇಲೆ ಸುಮ್ನೆ ಬಟ್ಟೆ ಉಜ್ಜಿದರೂ ಕೋಶ ಒಡೆದು, ಅಲ್ಲಿ ನೀರು ತುಂಬುತ್ತದೆ. ಕೆರಾಟಿನ್ ಜೀನ್‌ಗೂ ಈ ಕಾಯಿಲೆಗೂ ಇರುವ ನಂಟು 1991ರಲ್ಲೇ ಪತ್ತೆಯಾಗಿದೆ. ಇದು ಅಂಟುರೋಗ ಅಲ್ಲವೇ ಅಲ್ಲ. ಮಗುವನ್ನು ದೂರ ಕೂರಿಸಿ ಅಂತ ಯಾರೋ ಹೇಳಿದಾಗ ಅಕ್ಕ ತುಂಬಾ ಅತ್ತಳು. ಅದಕ್ಕೇ ಇಷ್ಟು ವಿವರವಾಗಿ ಬರೆದೆ.

ಈಗ ಬೇಕಿರುವ ಸಹಾಯ ಇದು. ಗಾಯಕ್ಕೆ ಅಂಟಿಕೊಳ್ಳದ ಸಿಲಿಕೋನ್ ಡ್ರೆಸ್ಸಿಂಗ್ ಮೈಸೂರಿನ ಯಾವ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ? ಮಾಮೂಲಿ ಪ್ಲಾಸ್ಟರ್ ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ, ನೋಡೋಕಾಗಲ್ಲ. ಒಳಗೆ ಹೊಲಿಗೆ ಒತ್ತದ ಮೆತ್ತನೆ ಚಪ್ಪಲಿ ಮಾಡಿಕೊಡುವವರು ಇದ್ದಾರಾ? ಜೀನ್ ಪರೀಕ್ಷೆಗೆ ಎಲ್ಲಿ ಹೋಗಬೇಕು? ಅಕ್ಕ, ಭಾವ ಇಬ್ಬರಿಗೂ ಈ ಕಾಯಿಲೆ ಇಲ್ಲ. ಇನ್ನೊಂದು ಮಗುವಿಗೂ ಬರಬಹುದಾ ಎಂಬುದು ಅವರ ದೊಡ್ಡ ಚಿಂತೆ.

ನಾಟಿ ಔಷಧಿ, ಲೇಪದ ಸಲಹೆ ದಯವಿಟ್ಟು ಬೇಡ. ಇಂಥ ಮಗುವನ್ನು ಸಾಕಿದ ತಾಯಂದಿರು ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಅಕ್ಕ ನಿಮ್ಮ ಜೊತೆ ಮಾತಾಡಬೇಕು ಅಂತಿದ್ದಾಳೆ.