ಉಸಿಕ್–ಫ್ಯೂರಿ ಮರುಪಂದ್ಯ: ಮೊದಲ ಪಂದ್ಯವನ್ನು ನೋಡಿ ಎರಡನೆಯದನ್ನು ಎಷ್ಟರಮಟ್ಟಿಗೆ ಊಹಿಸಬಹುದು?

ಮಡಿಕೇರಿಯ ಓದುಗ | 2024 ಡಿಸೆಂಬರ್ 10

ಇದೇ 21ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಅತಿ ಭಾರದ ವರ್ಗವಾದ ಹೆವಿವೇಟ್‌ನ ಬಾಕ್ಸರ್‌ಗಳಾದ ಓಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಎರಡನೆಯ ಬಾರಿ ಎದುರಾಗಲಿದ್ದಾರೆ. ಅವರು ರಿಂಗ್‌ಗೆ ಬರುವ ವೇಳೆಗೆ ನಮ್ಮಲ್ಲಿ ಭಾನುವಾರದ ಬೆಳಗಿನ ಜಾವವಾಗಿರುತ್ತದೆ. ಕಾಫಿ ಕೊಯ್ಲಿನ ದಿನಗಳಾದ್ದರಿಂದ ಬೇಗ ಏಳುವವರಿಗೆ ಅದೇನೂ ಹೊಸದಲ್ಲ. ಕ್ರೀಡೆಯೆಂದ ಕೂಡಲೇ ಹಾಕಿಯ ಮಾತಿಗೆ ತಿರುಗುವ ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೂ ಸೇನೆಯಲ್ಲಿದ್ದಾಗ ಗ್ಲೌಸ್ ತೊಟ್ಟು ರಿಂಗ್‌ಗೆ ಇಳಿದಿದ್ದ ಹಿರಿಯರು ಇಲ್ಲಿ ಇದ್ದಾರೆಂದು ತಿಳಿದು ಕೇಳುತ್ತಿದ್ದೇನೆ.

ಮೇ 18ರಂದು ನಡೆದ ಮೊದಲ ಪಂದ್ಯವನ್ನು ಉಸಿಕ್ ವಿಭಜಿತ ತೀರ್ಪಿನಲ್ಲಿ ಗೆದ್ದು, ಲೆನಾಕ್ಸ್ ಲೂಯಿಸ್ 1999ರಲ್ಲಿ ಪಡೆದಿದ್ದ ನಿರ್ವಿವಾದ ಹೆವಿವೇಟ್ ಚಾಂಪಿಯನ್ (ಎಲ್ಲ ಪ್ರಮುಖ ಪಟ್ಟಗಳೂ ಒಬ್ಬರ ಬಳಿಯೇ ಇರುವುದು) ಪಟ್ಟವನ್ನು ಇಷ್ಟು ವರ್ಷಗಳ ನಂತರ ತಮ್ಮದಾಗಿಸಿಕೊಂಡರು. ತೀರ್ಪುಗಾರರಲ್ಲಿ ಒಬ್ಬರು 115-112, ಇನ್ನೊಬ್ಬರು 114-113 ಎಂದು ಉಸಿಕ್ ಅವರಿಗೆ ಕೊಟ್ಟರೆ, ಮೂರನೆಯವರು 114-113 ಎಂದು ಫ್ಯೂರಿಯವರಿಗೆ ಕೊಟ್ಟರು. ನನ್ನ ಗೆಳೆಯರಲ್ಲಿ ಕೆಲವರು, ಒಂಬತ್ತನೆಯ ಸುತ್ತಿನಲ್ಲಿ ಫ್ಯೂರಿ ಹಗ್ಗಗಳ ಆಸರೆಯಿಂದ ಮಾತ್ರ ನಿಂತಿದ್ದರು, ಹಾಗಾಗಿ ಈ ಸಲ ನಾಕೌಟ್ ಖಚಿತ ಎನ್ನುತ್ತಾರೆ. ಉಳಿದವರು, ಮಧ್ಯದ ಸುತ್ತುಗಳಲ್ಲಿ ಫ್ಯೂರಿ ಕೈ ಬೀಸುತ್ತ, ನಗುತ್ತ, ಪ್ರೇಕ್ಷಕರನ್ನು ರಂಜಿಸಲು ಹೋಗಿ ಕೆಟ್ಟರು, ಅದೊಂದನ್ನು ಬಿಟ್ಟರೆ ಪಂದ್ಯ ಅವರದೇ ಎನ್ನುತ್ತಾರೆ. ಹೆವಿವೇಟ್ ಮರುಪಂದ್ಯಗಳ ಇತಿಹಾಸ ಈ ವಿಷಯದಲ್ಲಿ ಏನನ್ನಾದರೂ ಹೇಳುತ್ತದೆಯೇ? ಗೆಲ್ಲುವವರ ಹೆಸರನ್ನಷ್ಟೇ ಅಲ್ಲ, ಕಾರಣವನ್ನೂ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಸೈನಿಕ, ವಿರಾಜಪೇಟೆ | ಡಿಸೆಂಬರ್ 11

ಮೊದಲ ಪಂದ್ಯವನ್ನು ಯಾರು ಗೆದ್ದರು ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಡಿ. ಸೋತವನು ಯಾವ ಕಾರಣಕ್ಕೆ ಸೋತ, ಆ ಕಾರಣವನ್ನು ಆರೇಳು ತಿಂಗಳ ತಾಲೀಮಿನಲ್ಲಿ ಸರಿಪಡಿಸಲು ಸಾಧ್ಯವೇ ಎಂಬುದನ್ನು ಮೊದಲು ವಿಚಾರಿಸಬೇಕು. ತಯಾರಿಯ ಕೊರತೆಯಿಂದ ಆದ ಸೋಲನ್ನು ಸರಿಪಡಿಸಬಹುದು. ಎದುರಾಳಿಯ ಕಾಲಿನ ಚಲನೆಗೆ ತನ್ನಲ್ಲಿ ಉತ್ತರವೇ ಇಲ್ಲದೆ ಆದ ಸೋಲನ್ನು ಸರಿಪಡಿಸುವುದು ಬಹಳ ಕಷ್ಟ.

ಮೊದಲನೆಯ ಬಗೆಗೆ ಲೆನಾಕ್ಸ್ ಲೂಯಿಸ್ ಅವರೇ ಉದಾಹರಣೆ. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್‌ನಲ್ಲಿ, ಸಮುದ್ರಮಟ್ಟದಿಂದ ಬಹಳ ಎತ್ತರದ ಆ ಪ್ರದೇಶಕ್ಕೆ ತಡವಾಗಿ ಬಂದಿಳಿದು, ಮೈ ಹದಗೊಳ್ಳುವ ಮೊದಲೇ ರಿಂಗ್‌ಗೆ ಹತ್ತಿದ ಲೂಯಿಸ್, ಹಸೀಮ್ ರಹಮಾನ್ ಅವರ ಬಲಗೈ ಪೆಟ್ಟಿಗೆ ಐದನೆಯ ಸುತ್ತಿನಲ್ಲಿ ಉರುಳಿದರು. ಅದೇ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಾಲ್ಕನೆಯ ಸುತ್ತಿಗೇ ರಹಮಾನ್ ನೆಲ ಕಂಡರು. ಆಂಟನಿ ಜೋಶುವಾ ಅವರದ್ದೂ ಇದೇ ಕಥೆ. ಬದಲಿ ಎದುರಾಳಿಯಾಗಿ ಬಂದ ಆಂಡಿ ರೂಯಿಜ್ ಕೈಯಲ್ಲಿ 2019ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ನಾಲ್ಕು ಬಾರಿ ಬಿದ್ದು ಏಳನೆಯ ಸುತ್ತಿನಲ್ಲಿ ಸೋತ ಜೋಶುವಾ, ಡಿಸೆಂಬರ್‌ನ ಮರುಪಂದ್ಯಕ್ಕೆ 247 ಪೌಂಡ್‌ನಿಂದ 237ಕ್ಕೆ ಇಳಿದು, ದೂರ ನಿಂತು ಜಾಬ್ (ಮುಂದಿನ ಕೈಯ ನೇರ ಪೆಟ್ಟು) ಹೊಡೆದು, ತೊಡೆತಟ್ಟುವ ಆಸೆಯನ್ನೇ ಬಿಟ್ಟು ಹನ್ನೆರಡು ಸುತ್ತು ಮುಗಿಸಿದರು. ರೂಯಿಜ್ 268ರಿಂದ 283ಕ್ಕೆ ಏರಿ ಬಂದಿದ್ದರು. ಅಲ್ಲಿಗೆ ಗೆದ್ದವನ ಸಂಭ್ರಮವೇ ಅವನನ್ನು ಸೋಲಿಸಿತು ಎನ್ನಬೇಕು.

ಇನ್ನೂ ಹಿಂದಕ್ಕೆ ಹೋದರೆ, 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಇನ್ನೊಬ್ಬ ಲೂಯಿಸ್, ಅಂದರೆ ಜೋ ಲೂಯಿಸ್ ಅವರನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ್ದು ಒಂದೇ ಒಂದು ದೋಷವನ್ನು ಪತ್ತೆ ಮಾಡಿ: ಜಾಬ್ ಹೊಡೆದ ಮೇಲೆ ಲೂಯಿಸ್ ತಮ್ಮ ಎಡಗೈಯನ್ನು ಕೆಳಗಿಳಿಸುತ್ತಿದ್ದರು. 1938ರ ಜೂನ್ 22ರ ಮರುಪಂದ್ಯ ಯಾಂಕೀ ಸ್ಟೇಡಿಯಂನಲ್ಲಿ 124 ಸೆಕೆಂಡುಗಳಲ್ಲಿ ಜೋ ಲೂಯಿಸ್ ಗೆಲುವಿನೊಂದಿಗೆ ಮುಗಿಯಿತು. ಶ್ಮೆಲಿಂಗ್ ಅವರ ಬಲಗೈ ಕೆಲಸ ಆರಂಭಿಸಲು ಅವಕಾಶವೇ ಸಿಗಲಿಲ್ಲ.

ಎರಡನೆಯ ಬಗೆಗೆ ಉಸಿಕ್ ಅವರ ದಾಖಲೆಯಲ್ಲಿಯೇ ಸಾಕ್ಷಿ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಸೋತ ಜೋಶುವಾ ತರಬೇತುದಾರರನ್ನು ಬದಲಿಸಿದರು, 2022ರ ಆಗಸ್ಟ್‌ನಲ್ಲಿ ಜೆಡ್ಡಾದಲ್ಲಿ ಹೊಟ್ಟೆಯ ಭಾಗಕ್ಕೆ ಗುರಿಯಿಟ್ಟು ಹಿಂದಿನದಕ್ಕಿಂತ ನಿಸ್ಸಂದೇಹವಾಗಿ ಚೆನ್ನಾಗಿ ಹೋರಾಡಿದರು. ಒಬ್ಬ ತೀರ್ಪುಗಾರರ ಒಪ್ಪಿಗೆಯನ್ನೂ ಪಡೆದರು. ಆದರೂ ಸೋತರು, ಏಕೆಂದರೆ ಜೋಶುವಾ ಒಂದು ಮೆಟ್ಟಿಲು ಏರುವಷ್ಟರಲ್ಲಿ ಉಸಿಕ್ ಕೂಡ ಒಂದು ಮೆಟ್ಟಿಲು ಏರಿದ್ದರು. ಒಂಬತ್ತನೆಯ ಸುತ್ತಿನಲ್ಲಿ ಜೋಶುವಾ ಮೇಲುಗೈ ಸಾಧಿಸಿದಾಗ, ಹತ್ತನೆಯ ಸುತ್ತಿಗೆ ಉಸಿಕ್ ಕೊಟ್ಟ ಉತ್ತರವನ್ನು ಮತ್ತೊಮ್ಮೆ ನೋಡಿ. ಉಸಿಕ್ ಅವರಂಥ ಎಡಗೈ ನಿಲುವಿನ ಆಟಗಾರ ತನ್ನ ಮುಂದಿನ ಕಾಲನ್ನು ಎದುರಾಳಿಯ ಮುಂದಿನ ಕಾಲಿನ ಹೊರಬದಿಗೆ ಇಟ್ಟುಕೊಂಡರೆ ಅವನ ಎಡಗೈಗೆ ದಾರಿ ನೇರವಾಗುತ್ತದೆ, ಎದುರಾಳಿಯ ಬಲಗೈ ಸುತ್ತಿ ಬರಬೇಕಾಗುತ್ತದೆ. ಉಸಿಕ್ ಹನ್ನೆರಡು ಸುತ್ತಿನಲ್ಲಿಯೂ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ಇದು ಗೊತ್ತಿರುವುದು ಬೇರೆ, ದಣಿದ ಕಾಲುಗಳಿಂದ ಅದನ್ನು ತಡೆಯುವುದು ಬೇರೆ.

ಸೋಮವಾರಪೇಟೆಯವನು | ಡಿಸೆಂಬರ್ 12

ಹಿರಿಯರ ವಾದವನ್ನು ಗೌರವದಿಂದಲೇ ಓದಿದೆ. ಆದರೆ ಜೋಶುವಾ ಅವರನ್ನು ಇಟ್ಟುಕೊಂಡು ಫ್ಯೂರಿಯವರನ್ನು ಅಳೆಯುವುದು ಸರಿಯೆನಿಸುವುದಿಲ್ಲ. ಎರಡು ಪಂದ್ಯಗಳ ನಡುವೆ ತಮ್ಮ ಆಟದ ರೀತಿಯನ್ನೇ ಬದಲಿಸಬಲ್ಲ ಹೆವಿವೇಟ್ ಯಾರಾದರೂ ಈಗ ಇದ್ದರೆ ಅದು ಫ್ಯೂರಿ. 2018ರ ಡಿಸೆಂಬರ್ 1ರಂದು ಡಿಯೊಂಟೆ ವೈಲ್ಡರ್ ಎದುರು ಅವರು ಹಿಂದೆ ಸರಿಯುತ್ತ, ತಪ್ಪಿಸಿಕೊಳ್ಳುತ್ತ ಆಡಿದರು. ಒಂಬತ್ತು ಮತ್ತು ಹನ್ನೆರಡನೆಯ ಸುತ್ತುಗಳಲ್ಲಿ ಬಿದ್ದು ಎದ್ದು ಪಂದ್ಯವನ್ನು ಡ್ರಾ ಮಾಡಿಕೊಂಡರು. 2020ರ ಫೆಬ್ರವರಿಯ ಮರುಪಂದ್ಯಕ್ಕೆ ಮುನ್ನ ತರಬೇತುದಾರರನ್ನು ಬದಲಿಸಿ, ಶುಗರ್‌ಹಿಲ್ ಸ್ಟೀವರ್ಡ್ ಅವರ ಬಳಿಗೆ ಹೋಗಿ, 273 ಪೌಂಡ್ ತೂಗಿ, ಮೊದಲ ಸುತ್ತಿನ ಗಂಟೆ ಬಾರಿಸಿದಾಗಿನಿಂದಲೇ ವೈಲ್ಡರ್ ಅವರನ್ನು ಹಿಂದಕ್ಕೆ ತಳ್ಳುತ್ತ ಹೋದರು. ಏಳನೆಯ ಸುತ್ತಿನಲ್ಲಿ ವೈಲ್ಡರ್ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಆ ರಾತ್ರಿಗೆ ಮುಂಚೆ ಹೀಗಾಗುತ್ತದೆಂದು ಫ್ಯೂರಿ ಸ್ವತಃ ಸಾರಿ ಹೇಳಿದ್ದರೂ ನಂಬಿದವರು ಕಡಿಮೆ.

ಇನ್ನು ದೇಹದ ಲೆಕ್ಕ. ಫ್ಯೂರಿ 206 ಸೆಂಟಿಮೀಟರ್ ಎತ್ತರ, ಉಸಿಕ್ 191. ತೋಳಿನ ಚಾಚು 216ಕ್ಕೆ 198. ಇಷ್ಟು ಅಂತರವಿರುವಾಗ ಹಿಡಿದು ಒರಗಿ ದಣಿಸುವುದು ಒಂದು ವಿದ್ಯೆಯೇ. ಮೇ ತಿಂಗಳಲ್ಲಿ ಅದನ್ನು ಅವರು ಬಳಸಲಿಲ್ಲ, ನಾಲ್ಕರಿಂದ ಏಳನೆಯ ಸುತ್ತಿನವರೆಗೆ ಕೆಳಗಿನಿಂದ ಮೇಲಕ್ಕೆ ಬೀಸಿ ಹೊಟ್ಟೆಗೆ ಹೊಡೆದ ಅಪ್ಪರ್‌ಕಟ್‌ಗಳಿಂದಲೇ ಉಸಿಕ್ ಅವರನ್ನು ತಡೆದು ನಿಲ್ಲಿಸಿದ್ದರು. ಎರಡನ್ನೂ ಸೇರಿಸಿ ಬಂದರೆ ಫ್ಯೂರಿಗೆ ಗೆಲುವು.

ಗೋಣಿಕೊಪ್ಪಲಿನ ಲೆಕ್ಕಿಗ | ಡಿಸೆಂಬರ್ 12

ಎರಡೂ ಕಡೆಯವರು ಅಂಕಪಟ್ಟಿಯನ್ನು ಬಿಡಿಸಿ ನೋಡಿಲ್ಲವಾದ್ದರಿಂದ ಆ ಕೆಲಸವನ್ನು ನಾನು ಮಾಡುತ್ತೇನೆ. ಸುತ್ತು ಗೆದ್ದವರಿಗೆ 10, ಸೋತವರಿಗೆ 9. ಸೋತವರು ಬಿದ್ದಿದ್ದರೆ ಸಾಮಾನ್ಯವಾಗಿ 8. ಈ ನಿಯಮದಂತೆ ಹಿಂದಕ್ಕೆ ಲೆಕ್ಕ ಹಾಕಿದರೆ, 115-112 ಬರೆದವರು ಉಸಿಕ್ ಅವರಿಗೆ ಏಳು ಸುತ್ತು ಕೊಟ್ಟಿದ್ದಾರೆ, 114-113 ಎಂದು ಉಸಿಕ್ ಪರ ಬರೆದವರು ಆರು ಸುತ್ತು, ಫ್ಯೂರಿ ಪರ ಬರೆದವರು ಉಸಿಕ್ ಅವರಿಗೆ ಐದು ಸುತ್ತು. ಒಂಬತ್ತನೆಯ ಸುತ್ತಿನಲ್ಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡುತ್ತಿದ್ದಾಗ ರೆಫರಿ ನಡುವೆ ಬಂದು ಎಣಿಕೆ (ಅದು ಬಿದ್ದದ್ದಕ್ಕೇ ಸಮ) ಆರಂಭಿಸದೇ ಇದ್ದಿದ್ದರೆ, ಆ ಸುತ್ತು 10-9 ಆಗಿ, ಒಂದು ಪಟ್ಟಿ ಉಸಿಕ್ ಅವರಿಗೆ, ಒಂದು ಫ್ಯೂರಿಯವರಿಗೆ, ಒಂದು 114-114 ಎಂದಾಗಿ ಇಡೀ ಪಂದ್ಯ ಡ್ರಾ ಆಗುತ್ತಿತ್ತು. ಆ ಎಣಿಕೆ ಸರಿಯೇ ಎಂಬುದು ಬೇರೆ ಚರ್ಚೆ. ನನ್ನ ಮಟ್ಟಿಗೆ ಸರಿ, ಏಕೆಂದರೆ ಹಗ್ಗಗಳು ಇಲ್ಲದಿದ್ದರೆ ಅವರು ನೆಲದ ಮೇಲಿರುತ್ತಿದ್ದರು.

ಇದರಿಂದ ಫ್ಯೂರಿ ಅಭಿಮಾನಿಗಳು ಸಂತೋಷಪಡಬಹುದು. ಆದರೆ ಪೆಟ್ಟುಗಳ ಎಣಿಕೆಯನ್ನೂ ನೋಡಿ: ಪೆಟ್ಟುಗಳನ್ನು ಎಣಿಸುವ ಕಂಪ್ಯೂಬಾಕ್ಸ್ ಸಂಸ್ಥೆಯ ಪ್ರಕಾರ ಉಸಿಕ್ 407ರಲ್ಲಿ 170 ಮುಟ್ಟಿಸಿದರೆ, ಫ್ಯೂರಿ 496ರಲ್ಲಿ 157. ಕಡಿಮೆ ಹೊಡೆದು ಹೆಚ್ಚು ಮುಟ್ಟಿಸಿದವರು ಚಿಕ್ಕ ತೋಳಿನವರು. ಚಾಚಿನ ವಾದ ಅಲ್ಲಿಯೇ ಅರ್ಧ ಬಿದ್ದುಹೋಗುತ್ತದೆ.

ಮಡಿಕೇರಿಯ ಓದುಗ | ಡಿಸೆಂಬರ್ 13

ಎಲ್ಲರಿಗೂ ಧನ್ಯವಾದಗಳು. ಹಿರಿಯರೇ, ಎಲ್ಲವನ್ನೂ ಹೇಳಿದಿರಿ, ಆದರೆ ನಿಮ್ಮ ಊಹೆಯನ್ನು ಮಾತ್ರ ಹೇಳಲಿಲ್ಲ. ಸೋಮವಾರಪೇಟೆಯವರು ಎತ್ತಿದ ವೈಲ್ಡರ್ ಪಂದ್ಯಕ್ಕೆ ನಿಮ್ಮ ಉತ್ತರವೇನು?

ನಿವೃತ್ತ ಸೈನಿಕ, ವಿರಾಜಪೇಟೆ | ಡಿಸೆಂಬರ್ 14

ವೈಲ್ಡರ್ ಅವರನ್ನು ಹಿಂದಕ್ಕೆ ತಳ್ಳಿದರೆ ಅವರ ಬಲಗೈಗೆ ಬೇಕಾದ ಜಾಗ ಇಲ್ಲವಾಗುತ್ತದೆ, ಹಿಂದಕ್ಕೆ ನಡೆಯುತ್ತ ಹೊಡೆಯುವುದನ್ನು ಅವರು ಎಂದೂ ಕಲಿಯಲಿಲ್ಲ. ಅಂಥವರ ಎದುರು ಭಾರ ಹಾಕುವ ಉಪಾಯ ಫಲಿಸಿತು. ಉಸಿಕ್ ಹಿಂದಕ್ಕೆ ನೇರವಾಗಿ ಹೋಗುವವರಲ್ಲ, ಪಕ್ಕಕ್ಕೆ ತಿರುಗುವವರು. ಭಾರ ಹಾಕಲು ಬಂದವನು ಹಾಕುವಷ್ಟರಲ್ಲಿ ಅವರು ಅಲ್ಲಿ ಇರುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಚಿನ್ನದಿಂದ ಹಿಡಿದು, ಇದಕ್ಕಿಂತ ಕಡಿಮೆ ತೂಕದ ವರ್ಗವಾದ ಕ್ರೂಸರ್‌ವೇಟ್ ಕಾಲದವರೆಗೆ ಅವರ ಬೇರು ಇರುವುದು ಕಾಲುಗಳಲ್ಲಿಯೇ. ಒಂದು ಉಪಾಯ ಒಬ್ಬ ಎದುರಾಳಿಗೆ ಹೊಂದಿದ ಮಾತ್ರಕ್ಕೆ ಇನ್ನೊಬ್ಬನಿಗೂ ಹೊಂದುತ್ತದೆಂದು ತಿಳಿಯಬಾರದು.

ಫ್ಯೂರಿ ಮೇ ತಿಂಗಳಲ್ಲಿ ಸೋತದ್ದು ಕುಣಿದಾಟದಿಂದಲ್ಲ ಎಂದು ನನಗನಿಸುತ್ತದೆ. ಏಳನೆಯ ಸುತ್ತಿನವರೆಗೆ ಅವರು ಗೆಲ್ಲುತ್ತಿದ್ದಂತೆ ಕಂಡದ್ದು ನಿಜ. ಆದರೆ ಅಷ್ಟರಲ್ಲಿ ಉಸಿಕ್ ಅವರ ಹೊಟ್ಟೆಯ ಜಾಬ್‌ಗಳು ಒಂದೊಂದಾಗಿ ಸಾಲವಾಗಿ ಕೂಡುತ್ತಿದ್ದವು, ಎಂಟು ಮತ್ತು ಒಂಬತ್ತರಲ್ಲಿ ಆ ಸಾಲ ವಸೂಲಾಯಿತು. ನನ್ನ ಊಹೆ: ಉಸಿಕ್, ಅಂಕಗಳ ಮೇಲೆ, ಮೊದಲಿಗಿಂತ ಸ್ಪಷ್ಟವಾಗಿ. ನಾಕೌಟ್ ಎನ್ನುವ ಗೆಳೆಯರ ಮಾತನ್ನು ಒಪ್ಪಲಾರೆ, ಏಕೆಂದರೆ ಬಿದ್ದ ಮೇಲೆ ಏಳುವುದರಲ್ಲಿ ಫ್ಯೂರಿಗೆ ಸಮನಾದವರು ಇಲ್ಲ, ಮತ್ತು ಒಮ್ಮೆ ಪೆಟ್ಟು ತಿಂದ ಜಾಗದಲ್ಲಿ ಅವರು ಈ ಸಲ ಎಚ್ಚರವಾಗಿರುತ್ತಾರೆ. ಮರುಪಂದ್ಯ ಸಿಗುವುದೇ ಒಂದು ಭಾಗ್ಯ ಎಂಬುದನ್ನೂ ಸೇರಿಸುತ್ತೇನೆ. ಈ ವರ್ಷ ನಾಪೋಕ್ಲಿನಲ್ಲಿ 360 ಕೊಡವ ಕುಟುಂಬಗಳು ಆಡಿದ ಹಾಕಿ ಹಬ್ಬದಲ್ಲಿ ಸೋತವರು ಮುಂದಿನ ವರ್ಷದವರೆಗೆ ಕಾಯಬೇಕು, ಅಲ್ಲಿಯೂ ಅದೇ ಎದುರಾಳಿ ಸಿಗುವ ಭರವಸೆಯಿಲ್ಲ.

ಸೋಮವಾರಪೇಟೆಯವನು | ಡಿಸೆಂಬರ್ 20

ತೂಕದ ವರದಿ ಬಂದಿದೆ. ಫ್ಯೂರಿ 281 ಪೌಂಡ್, ಉಸಿಕ್ 226. ಮೇ ತಿಂಗಳಲ್ಲಿ ಫ್ಯೂರಿ 262 ಇದ್ದರು. ನಾನು ಹೇಳಿದ ಉಪಾಯವೇ ಇದು: ಒರಗಿ ದಣಿಸಲು ಬರುತ್ತಿದ್ದಾರೆ. ರೂಯಿಜ್ ಹೆಸರನ್ನು ಯಾರೂ ಎತ್ತಬೇಡಿ, ಅವರ 283 ಔತಣದ ತೂಕ, ಇದು ಯೋಜನೆಯ ತೂಕ.

ಗೋಣಿಕೊಪ್ಪಲಿನ ಲೆಕ್ಕಿಗ | ಡಿಸೆಂಬರ್ 20

ಯೋಜನೆಯದ್ದೇ ಇರಬಹುದು. ಆದರೆ ಹೊತ್ತುಕೊಂಡು ಓಡಾಡಬೇಕಾದದ್ದು ಆ ಎರಡೇ ಕಾಲುಗಳು, ಅದೂ ಹನ್ನೆರಡು ಸುತ್ತು. ಮೊದಲ ಆರು ಸುತ್ತಿನಲ್ಲಿ ಹಿಡಿತ ಸಿಗದಿದ್ದರೆ ಆ 19 ಪೌಂಡ್ ಯಾರ ಪರವಾಗಿ ಕೆಲಸ ಮಾಡುತ್ತದೆಂದು ನೋಡೋಣ.

ಗೋಣಿಕೊಪ್ಪಲಿನ ಲೆಕ್ಕಿಗ | ಡಿಸೆಂಬರ್ 22

ಮೂವರು ತೀರ್ಪುಗಾರರೂ 116-112, ಉಸಿಕ್. ಯಾರೂ ಬೀಳಲಿಲ್ಲ, ಆದ್ದರಿಂದ ಲೆಕ್ಕ ಸರಳ: ಪ್ರತಿಯೊಬ್ಬರ ಪಟ್ಟಿಯಲ್ಲಿಯೂ ಉಸಿಕ್ ಅವರಿಗೆ ಎಂಟು ಸುತ್ತು, ಫ್ಯೂರಿಯವರಿಗೆ ನಾಲ್ಕು. ಮೇ ತಿಂಗಳಲ್ಲಿ ಮೂರೂ ಪಟ್ಟಿಗಳ 36 ಸುತ್ತುಗಳಲ್ಲಿ ಉಸಿಕ್ ಅವರಿಗೆ ಬಂದದ್ದು 18, ಅಂದರೆ ಸರಿಯಾಗಿ ಅರ್ಧ. ಈ ಸಲ 24. ಮುಟ್ಟಿದ ಪೆಟ್ಟುಗಳು 179ಕ್ಕೆ 144, ಅಂತರ 13ರಿಂದ 35ಕ್ಕೆ ಏರಿದೆ.

ಸೋಮವಾರಪೇಟೆಯವನು | ಡಿಸೆಂಬರ್ 22

ಫ್ಯೂರಿಯವರೇ ತೀರ್ಪನ್ನು ಒಪ್ಪಿಲ್ಲ, ನನಗೂ 116-112 ಸ್ವಲ್ಪ ಧಾರಾಳವೆನಿಸಿತು. ಆರಂಭದ ಸುತ್ತುಗಳಲ್ಲಿ ಅವರ ಜಾಬ್ ಮತ್ತು ಹೊಟ್ಟೆಯ ಪೆಟ್ಟುಗಳು ಕೆಲಸ ಮಾಡುತ್ತಿದ್ದವು. ಐದು ಸುತ್ತುಗಳನ್ನು ಅವರಿಗೆ ಕೊಡಲು ನನಗೆ ಅಡ್ಡಿಯಿಲ್ಲ. ಆದರೆ ಏಳನ್ನು ಎಲ್ಲಿಂದ ತರುವುದು ಎಂದು ಹುಡುಕುತ್ತ ಪಂದ್ಯವನ್ನು ಮತ್ತೊಮ್ಮೆ ನೋಡುತ್ತಿದ್ದೇನೆ. ಆರನೆಯ ಸುತ್ತಿನಿಂದಾಚೆಗೆ ಉಸಿಕ್ ಅವರ ಎಡಗೈ ಬರುವ ದಾರಿಗೆ ಫ್ಯೂರಿ ಅಡ್ಡ ನಿಂತ ಸುತ್ತು ಯಾರಿಗಾದರೂ ಕಂಡಿದ್ದರೆ ಅದರ ಸಂಖ್ಯೆಯನ್ನು ತಿಳಿಸಿ.