ಅಕ್ಕಾ, ಪುಟ್ಟನ ಹೊಟ್ಟೆನೋವು ನಾಟಕ ಅಲ್ಲ

ಅಕ್ಕಾ ನಿನ್ನ ಮೆಸೇಜ್ ಈಗ್ತಾನೆ ನೋಡ್ದೆ. ದಸರಾ ರಜೆ ಮುಗಿದಾಗಿಂದ ಪುಟ್ಟ ಬೆಳಗಾದ್ರೆ ಹೊಟ್ಟೆನೋವು ಅಂತಾನೆ, ಸ್ಕೂಲಿಗೆ ಹೋಗಲ್ಲ ಅಂತಾನೆ, ರಾತ್ರಿ ನಿದ್ದೆ ಇಲ್ಲ, ಸ್ಕ್ಯಾನಿಂಗಲ್ಲಿ ಏನೂ ಇಲ್ಲ ಅಂದ್ರು ಅಂತ ಬರ್ದಿದೀಯ. ಮೊಬೈಲ್ ಕಿತ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ ಅಂತ ಮಾವ ಗ್ರೂಪಲ್ಲಿ ಹಾಕಿದಾರೆ. ಮಾವ ಬೇಜಾರ್ ಮಾಡ್ಕೋಬೇಡಿ, ನಾನು ಹೈಸ್ಕೂಲಲ್ಲಿ ಪಾಠ ಮಾಡೋಳು, ಇಂಥ ಮಕ್ಕಳನ್ನ ಪ್ರತಿ ವರ್ಷ ನೋಡ್ತೀನಿ, ಭಯಕ್ಕೆ ಹೊಟ್ಟೆ ನಿಜವಾಗ್ಲೂ ನೋಯುತ್ತೆ. ಭಾನುವಾರ ಇರಲ್ಲ ಸೋಮವಾರ ಬರುತ್ತೆ ಅಂತ ಅದನ್ನ ಸುಳ್ಳು ಅನ್ಬೇಡಿ.

ಅಕ್ಕಾ ಮೊದ್ಲು ಕ್ಲಾಸ್ ಟೀಚರ್‌ಗೆ ಹೇಳು. ಹೆಸರು ಕೆಡುತ್ತೆ ಅಂತ ಜ್ವರ ಅಂತ ಲೀವ್ ಲೆಟರ್ ಬರೀಬೇಡ ದಯವಿಟ್ಟು. ಗೊತ್ತಿಲ್ದೇ ಇದ್ರೆ ನಾವು ಹೋಮ್‌ವರ್ಕ್ ಯಾಕಿಲ್ಲ ಅಂತ ಎಲ್ಲರ ಮುಂದೆ ನಿಲ್ಲಿಸ್ತೀವಿ, ಗೊತ್ತಿದ್ರೆ ಸ್ವಲ್ಪ ದಿನ ಅರ್ಧ ದಿನ ಬಂದೋಗ್ಲಿ ಅನ್ನಬಹುದು, ಬೋರ್ಡ್ ಹತ್ರ ಕರೀದೇ ಇರಬಹುದು, ಫ್ರೆಂಡ್ ಪಕ್ಕ ಕೂರಿಸಬಹುದು, ಯಾರಾದ್ರೂ ಕಾಟ ಕೊಡ್ತಿದಾರಾ ಅಂತ ಕಣ್ಣಿಡಬಹುದು. ಪೂರ್ತಿ ಮನೇಲೇ ಕೂತ್ರೆ ದಿನ ಹೋದಂಗೆ ವಾಪಸ್ ಬರೋದು ಇನ್ನೂ ಕಷ್ಟ. ಎಸ್ಸೆಸ್ಸೆಲ್ಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದಾರಲ್ಲ, ಮೊದಲನೇದೇ ಕೊನೆ ಅಲ್ಲ ಅಂತ ಅವನ ಕಿವಿಗೆ ಬೀಳಲಿ.

ಜೊತೆಗೆ 14416ಗೆ ಫೋನ್ ಮಾಡು, ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, ಅವನು ಮಾತಾಡಲ್ಲ ಅಂದ್ರೆ ನೀನೇ ಮಾತಾಡು. ಜಿಲ್ಲಾಸ್ಪತ್ರೇಲಿ ಮನೋವೈದ್ಯರು ಇರ್ತಾರೆ, ತಾಲ್ಲೂಕು ಆಸ್ಪತ್ರೇಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ನಡೆಸ್ತಾರೆ, ಯಾವ ಮಂಗಳವಾರ ಅಂತ ಮೊದ್ಲೇ ಕೇಳ್ಕೊಂಡ್ ಹೋಗು. ಅತ್ತೆ ತಾಯತ ಕಟ್ಟಿಸಿ ಅಂದಿದಾರೆ, ಕಟ್ಟಿಸಿ, ಡಾಕ್ಟರ್ ಬದಲಿಗೆ ಅಲ್ಲ ಅಷ್ಟೇ.

ಇನ್ನೊಂದು ಮಾತು, ಹೇಳಕ್ಕೆ ನಂಗೇ ಕಷ್ಟ ಆಗುತ್ತೆ ಆದ್ರೂ ಹೇಳ್ತೀನಿ. ಯಾರೂ ಇಲ್ದಿದ್ದಾಗ ಪಕ್ಕ ಕೂತು, ಬದುಕೋದೇ ಬೇಡ ಅನ್ಸುತ್ತಾ ಪುಟ್ಟಾ ಅಂತ ನೇರವಾಗಿ ಕೇಳು. ಕೇಳಿದ್ರೆ ಆ ಯೋಚನೆ ನಾವೇ ತಲೆಗೆ ಹಾಕಿದಂಗೆ ಆಗಲ್ಲ, ಒಬ್ರಾದ್ರೂ ಕೇಳಿದ್ರಲ್ಲ ಅಂತ ಮಕ್ಕಳು ಬಾಯಿ ಬಿಡ್ತಾರೆ. ಹೂಂ ಅಂದ್ರೆ ಬೈಬೇಡ, ಒಂಟಿ ಬಿಡಬೇಡ, ತೋಟಕ್ಕೆ ಹೊಡೆಯೋ ಔಷಧಿ, ಅಜ್ಜಿ ಮಾತ್ರೆ ಎಲ್ಲಾ ಬೀಗ ಹಾಕಿಡು, ಬೆಳಗಾಗ್ಲಿ ಅಂತ ಕಾಯದೇ ಆಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ.

ನಾಳೆ ಲಂಚ್ ಬ್ರೇಕಲ್ಲಿ ಕಾಲ್ ಮಾಡ್ತೀನಿ, ಟೀಚರ್ ಹತ್ರ ಏನ್ ಹೇಳ್ಬೇಕು ಅಂತ ಮಾತಾಡ್ಕೊಳ್ಳೋಣ, ನೀನು ಊಟ ಮಾಡಿ ಮಲ್ಕೋ.